ಜಲಸಾಕ್ಷಿ ಕೈ ಹಿಡಿದಾಗ

ವಾಸ್ಕೊ
೧೨ ಫೆಬ್ರುವರಿ ೧೯೮೮

ಶ್ರೀ ರಘೋತ್ತಮ ಅವರಿಗೆ ನಮಸ್ಕಾರ.

‘ಬುಗುರಿ’ ಮಾಸಿಕದ ಸಂಪಾದಕರು ನಿಮ್ಮ ವಿಳಾಸ ಕೊಟ್ಟರು. ನನ್ನ ‘ಜಲಸಾಕ್ಷಿ’ ಚಿತ್ರಕಥೆಗೆ ಇನ್ನು ಮೇಲೆ ಚಿತ್ರ ಬರೆಯುವವರು ನೀವಂತೆ. ಹಿಂದಿನವರು ಸಮುದ್ರವನ್ನು ಊರ ಹಳ್ಳದ ಹಾಗೆ ಬರೆಯುತ್ತಿದ್ದರು. ನೀವು ಹಾಗೆ ಮಾಡುವುದಿಲ್ಲ ಎಂದು ನಂಬಿದ್ದೇನೆ.

ಹಳೆಯ ಸಂಚಿಕೆ ನೋಡದಿದ್ದರೆ ತಿಳಿದಿರಲಿ: ಜಲಸಾಕ್ಷಿ ಮೀನುಗಾರರ ಹೆಣ್ಣು. ಒಂದು ಕೊಲೆಯನ್ನು ಕಣ್ಣಾರೆ ಕಂಡವಳು. ಕೋರ್ಟಿಗೆ ಬಂದು ಹೇಳುತ್ತೇನೆ ಎಂದದ್ದಕ್ಕೆ ದೋಣಿಯಿಂದ ನೂಕಿ ಮುಳುಗಿಸಿದರು. ಸಮುದ್ರ ಅವಳನ್ನು ಹಿಂದಕ್ಕೆ ಕಳಿಸಿದೆ. ಅವಳು ಕೈ ಹಿಡಿದಾಗ ಯಾರು ಸುಳ್ಳು ಹೇಳುತ್ತಾರೋ ಅವರ ಬಾಯಿ ಉಪ್ಪುನೀರಿನಿಂದ ತುಂಬುತ್ತದೆ. ಸುಳ್ಳು ನಿಲ್ಲಿಸದಿದ್ದರೆ ನಿಂತಲ್ಲೇ ಮುಳುಗಿ ಸಾಯುತ್ತಾರೆ. ನಿಜ ಹೇಳಿದವರಿಗೆ ಏನೂ ಆಗುವುದಿಲ್ಲ.

ಮೇ ಸಂಚಿಕೆಯಿಂದ ಒಬ್ಬ ಪೊಲೀಸ್ ಅಧಿಕಾರಿ ಬರುತ್ತಾನೆ, ಇನ್‌ಸ್ಪೆಕ್ಟರ್ ಉದಯ. ಜಲಸಾಕ್ಷಿಯನ್ನು ಹಿಡಿಯಲು ಬಂದವನು ಅವಳನ್ನು ಪ್ರೀತಿಸತೊಡಗುತ್ತಾನೆ. ಅವಳೂ. ಇವನು ಹೇಗಿರಬೇಕು ಎನ್ನುವುದಕ್ಕೆ ಒಂದು ಫೋಟೊ ಇಟ್ಟಿದ್ದೇನೆ. ಇದೇ ಮುಖ ಬರಬೇಕು. ಎಡ ಹುಬ್ಬನ್ನು ಸೀಳಿದ ಗಾಯದ ಗೆರೆ, ಗಲ್ಲದ ಕುಳಿ, ಗಡಿಯಾರವನ್ನು ಮಣಿಕಟ್ಟಿನ ಒಳಬದಿಗೆ ಕಟ್ಟುವ ರೀತಿ, ಯಾವುದನ್ನೂ ಬಿಡಬೇಡಿ. ಓದಿದವರೆಲ್ಲ ಇವನಿಗೆ ಮನಸೋಲಬೇಕು.

ಇನ್ನೊಂದು ಮಾತು. ಜಲಸಾಕ್ಷಿ ಇವನನ್ನು ಮುಟ್ಟಬಾರದು. ಚಿತ್ರದ ಒಂದು ಚೌಕದಲ್ಲಿಯೂ ಇವರ ಬೆರಳು ತಾಗಬಾರದು. ನಾನು ಹೇಳುವ ತನಕ.

ನಿಮ್ಮ
ಪದ್ಮಾಸುತ

*

ಹುಬ್ಬಳ್ಳಿ
೧ ಮಾರ್ಚ್ ೧೯೮೮

ಶ್ರೀಯುತ ಪದ್ಮಾಸುತ ಅವರಿಗೆ ನಮಸ್ಕಾರಗಳು.

ಪತ್ರ ಓದಿ ಒಂದು ಕ್ಷಣ ನಾನೇ ಯಾವುದೋ ಠಾಣೆಯಲ್ಲಿ ಕೈಕಟ್ಟಿ ನಿಂತಿದ್ದೇನೆ ಅನ್ನಿಸಿತು. ಅಪ್ಪಣೆ ಮಾಡುವುದರಲ್ಲಿ ತಾವು ನಮ್ಮ ಹೆಡ್‌ಮಾಸ್ತರರನ್ನೂ ಮೀರಿಸಿದಿರಿ. ನಾನು ಇಲ್ಲಿನ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಮಕ್ಕಳಿಗೆ ಹೂಕುಂಡ ಕಲಿಸಿ ಕಲಿಸಿ ಕೈ ಜಡ್ಡುಗಟ್ಟಿದೆ. ಹಾಗಾಗಿ ಮುಳುಗಿ ಎದ್ದು ಬಂದ ಹೆಂಗಸನ್ನು ಬರೆಯುವ ಭಾಗ್ಯ ಸಿಕ್ಕದ್ದು ಖುಷಿಯೇ.

ತಮ್ಮ ಇನ್‌ಸ್ಪೆಕ್ಟರ್ ಚಲೋ ಇದ್ದಾನೆ. ಭೂತಗನ್ನಡಿ ಹಿಡಿದು ನೋಡಿದೆ. ಎದೆಯ ಮೇಲಿನ ಹೆಸರಿನ ಪಟ್ಟಿ ಕೂಡ ಓದಲಿಕ್ಕೆ ಬರುತ್ತದೆ, ಯು. ರಾಯಕರ. ತಮ್ಮ ಗೆಳೆಯರೇ? ಫೋಟೊದ ಒಂದು ಅಂಚನ್ನು ಕತ್ತರಿಸಿದ್ದೀರಿ, ಆದರೆ ಯಾರದೋ ಸೀರೆಯ ಚೂರು ಉಳಿದುಬಿಟ್ಟಿದೆ. ಅವರ ಮನೆಯವರಿರಬೇಕು. ಹೆಂಡತಿಯನ್ನು ಕತ್ತರಿಸಿ ಗೆಳೆಯನನ್ನು ದೆವ್ವದ ಜೊತೆ ಜೋಡಿಸಿದ್ದು ಗೊತ್ತಾದರೆ ಆ ತಾಯಿ ತಮ್ಮನ್ನು ಬಿಟ್ಟಾರೆಯೇ!

ಕೆಲಸದ ಮಾತು. ಒಳಪುಟಗಳು ಇಲ್ಲೇ ಕಪ್ಪು ಮಸಿಯಲ್ಲಿ ಅಚ್ಚಾಗುತ್ತವೆ, ಕೊನೆಯ ವಾರದ ತನಕ ತಿದ್ದಬಹುದು. ಮುಖಪುಟ ಮಾತ್ರ ನಾಲ್ಕು ಬಣ್ಣದ್ದು, ಶಿವಕಾಶಿಯಲ್ಲಿ ಅಚ್ಚಾಗಿ ಬರುತ್ತದೆ, ಅದೂ ಬಹಳ ಮುಂಚೆಯೇ. ಅದು ಬಂದು ಬಿದ್ದ ಮೇಲೆ ಕಥೆ ಮುಖಪುಟಕ್ಕೆ ತಕ್ಕ ಹಾಗೆ ನಡೆಯಲೇಬೇಕು. ನಮ್ಮ ಸಂಪಾದಕರು ಮಗಳ ಮದುವೆ ಮುರಿದಾರು, ಅಚ್ಚಾದ ಮುಖಪುಟ ಎಸೆಯಲಾರರು. ಆದ್ದರಿಂದ ಮುಖಪುಟದಲ್ಲಿ ಏನು ಬೇಕೆಂದು ಬೇಗ ತಿಳಿಸುತ್ತಿರಿ.

ಕೈ ಮುಟ್ಟಿಸುವುದಿಲ್ಲ. ಆದರೆ ಒಂದು ಕೊಡೆಯ ಕೆಳಗೆ ನಿಲ್ಲಿಸಬಹುದೇ?

ತಮ್ಮ ವಿಶ್ವಾಸಿ
ರಘೋತ್ತಮ

*

ವಾಸ್ಕೊ
೨೦ ಸೆಪ್ಟೆಂಬರ್ ೧೯೮೮

ರಘೋತ್ತಮರೇ,

ಸೆಪ್ಟೆಂಬರ್ ಸಂಚಿಕೆ ಬಂತು. ಒಂದು ಕೊಡೆಯ ಕೆಳಗೆ ನಿಲ್ಲಿಸಿ ನಡುವೆ ಒಂದು ಗೇಣು ಜಾಗ ಬಿಟ್ಟಿದ್ದೀರಲ್ಲ, ಆ ಚೌಕ ಇಲ್ಲಿ ದೊಡ್ಡ ಸುದ್ದಿ. ಬಾಯ್ನಾ ಅಂತ ಇಲ್ಲಿ ಸಮುದ್ರದ ದಂಡೆಗೆ ಗುಡಿಸಲುಗಳ ವಸತಿ ಇದೆ. ಬಂದರಿನಲ್ಲಿ ದುಡಿಯುವ ನಮ್ಮ ವಿಜಾಪುರದ ಕಡೆಯ ಜನ. ಅಲ್ಲಿ ಲೋಕಪ್ಪ ಎಂಬ ಹಮಾಲ ತಿಂಗಳ ತಿಂಗಳ ‘ಬುಗುರಿ’ ಕೊಂಡು ಎಲ್ಲರಿಗೂ ಓದಿ ಹೇಳುತ್ತಾನೆ. ಮಣಿಸರ ಮಾರುವ ಥಾವರಿಬಾಯಿ ಎನ್ನುವ ಮುದುಕಿ ನನ್ನ ಬಳಿ ಬಂದು, “ಆ ಪೊಲೀಸ ಭಾಳ ಚಲೋ ಅದಾನ್ರಿ. ಆಕಿ ಒಮ್ಮೆ ಅವನ ಕೈ ಹಿಡದ್ರ ಏನ ಹೋಕ್ಕೇತ್ರಿ?” ಎಂದು ಕೇಳಿದಳು. ಅವಳಿಗೆ ಓದಲು ಬಾರದು. ಬರೆದವರು ಯಾರೆಂದು ಗೊತ್ತೂ ಇಲ್ಲ. ಸುಮ್ಮನೆ ಕಂಡವರಿಗೆಲ್ಲ ಕೇಳುತ್ತಿದ್ದಾಳೆ.

ನನಗೆ ಬೇಕಾದದ್ದು ಇದೇ. ಬೆನ್ನು ತಟ್ಟಿದ್ದೇನೆ ಅಂದುಕೊಳ್ಳಿ.

ಒಂದು ತಪ್ಪು ಮಾತ್ರ ಇದೆ. ನಗಿಸುವಾಗ ಹಲ್ಲು ತೋರಿಸಿದ್ದೀರಿ. ಅವನು ಹಲ್ಲು ಬಿಟ್ಟು ನಗುವವನಲ್ಲ. ತುಟಿ ಮುಚ್ಚಿ, ಬಲಗಡೆ ಮಾತ್ರ ಸ್ವಲ್ಪ ಎಳೆಯುತ್ತಾನೆ. ಎದುರಿಗಿದ್ದವರಿಗೆ, ಅದರಲ್ಲೂ ಹೆಂಗಸರಿಗೆ, ಅದು ಸಂಕೋಚ ಎನ್ನಿಸುತ್ತದೆ. ಹಾಗೆ ಬರೆಯಿರಿ.

ಮುಂದಿನ ಸಂಚಿಕೆಯಲ್ಲಿ ಅವನು ಒಬ್ಬ ಮುದುಕಿಯನ್ನು ಅಲೆಗಳಿಂದ ಎತ್ತಿ ತರುತ್ತಾನೆ. ಆ ಚೌಕವನ್ನು ದೊಡ್ಡದಾಗಿ ಕೊಡಿ. ಅವನ ಮೇಲೆ ಜನ ಇಟ್ಟ ಪ್ರೀತಿ ಇನ್ನೂ ಏರಲಿ.

ಪದ್ಮಾಸುತ

*

ಹುಬ್ಬಳ್ಳಿ
೧೪ ಜನವರಿ ೧೯೮೯

ಪ್ರಿಯ ಪದ್ಮಾಸುತರಿಗೆ,

ಸಂಕ್ರಾಂತಿಯ ಎಳ್ಳುಬೆಲ್ಲ ಪ್ರತ್ಯೇಕ ಕಳಿಸಿದ್ದೇನೆ. ತಿಂದು ಇನ್ನಾದರೂ ಒಳ್ಳೆಯ ಮಾತಾಡಿ.

ಉದಯನ ಹೆಸರಿಗೆ ‘ಬುಗುರಿ’ ಆಫೀಸಿಗೆ ಚೀಲಗಟ್ಟಲೆ ಕಾಗದ ಬರುತ್ತಿವೆ. ಗದಗಿನ ಒಬ್ಬ ಹುಡುಗಿ ರಾಖಿ ಕಳಿಸಿದಳು. ನಮ್ಮ ಶಾಲೆಯ ಹಿಂದಿ ಟೀಚರು ಸ್ಟಾಫ್ ರೂಮಿನಲ್ಲಿ ನನ್ನನ್ನು ಹಿಡಿದು, ಅವರಿಬ್ಬರಿಗೆ ಒಳ್ಳೆಯದಾಗುತ್ತದೋ ಇಲ್ಲವೋ ಹೇಳಿಯೇ ಹೋಗಬೇಕು ಅಂದರು. ಸಂಪಾದಕರು ಮೊದಲ ಸಲ ನನಗೆ ಕುರ್ಚಿ ಕೊಟ್ಟು ಕೂರಿಸಿದರು.

ಇಷ್ಟು ದಿನ ಬರೆದ ಮೇಲೆ ನನಗೊಂದು ಮಾತು ಹೊಳೆದಿದೆ. ಒಬ್ಬ ಮನುಷ್ಯ ಹೇಗೆ ನಗುತ್ತಾನೆ, ಗಡಿಯಾರ ಹೇಗೆ ಕಟ್ಟುತ್ತಾನೆ ಎಂದೆಲ್ಲ ನೆನಪಿಟ್ಟು ಬರೆಸುವುದು ಸಾಮಾನ್ಯ ಗೆಳೆತನವಲ್ಲ. ಆ ಪುಣ್ಯಾತ್ಮ ತಮಗೆ ಯಾವುದೋ ದೊಡ್ಡ ಉಪಕಾರ ಮಾಡಿದ್ದಾನೆ. ತಾವು ಬಾಯಿಬಿಟ್ಟು ಹೇಳುವ ಪೈಕಿ ಅಲ್ಲ, ಕಥೆಯಲ್ಲಿ ಋಣ ತೀರಿಸುತ್ತಿದ್ದೀರಿ. ಹೌದಲ್ಲ?

ಅದಕ್ಕೇ ನಾನೊಂದು ಕೆಲಸ ಮಾಡಿದ್ದೇನೆ. ಬೈಯಬಾರದು. ಉದಯನ ಒಂದು ದೊಡ್ಡ ಬಣ್ಣದ ಚಿತ್ರ ಬರೆದು, ಎಲ್ಲ ಸಂಚಿಕೆಗಳ ಜೊತೆ ಕಟ್ಟಿ, ತಮ್ಮ ಊರಿನವರೇ ಇರಬೇಕೆಂದು ಊಹಿಸಿ, ‘ಇನ್‌ಸ್ಪೆಕ್ಟರ್ ಯು. ರಾಯಕರ, ಪೊಲೀಸ್ ಠಾಣೆ, ವಾಸ್ಕೊ’ ಎಂದು ವಿಳಾಸ ಹಾಕಿ ಕಳಿಸಿದ್ದೇನೆ. ‘ಪದ್ಮಾಸುತರ ಪ್ರೀತಿಯ ಕಾಣಿಕೆ’ ಎಂದು ಚಂದದ ಅಕ್ಷರದಲ್ಲಿ ಬರೆದಿದ್ದೇನೆ. ತಾವು ಸಂಕೋಚಪಟ್ಟು ಬಿಟ್ಟದ್ದನ್ನು ನಾನು ಮಾಡಿದೆ, ಅಷ್ಟೇ.

ತಮ್ಮ
ರಘೋತ್ತಮ

*

ವಾಸ್ಕೊ
೩ ಫೆಬ್ರುವರಿ ೧೯೮೯

ರಘೋತ್ತಮರೇ,

ನಿಮ್ಮನ್ನು ಕೇಳಿದವರು ಯಾರು? ಚಿತ್ರ ಬರೆಯಿರಿ ಅಂದರೆ ಚಿತ್ರ ಬರೆಯಬೇಕು. ಇನ್ನೊಬ್ಬರ ಎದೆಯೊಳಗೆ ಮೂಗು ತೂರಿಸಿ, ಅಲ್ಲಿ ಕಂಡದ್ದನ್ನು ತಲೆಕೆಳಗಾಗಿ ಓದಿ, ಅದಕ್ಕೆ ಬಣ್ಣ ಬಳಿದು ಪಾರ್ಸಲ್ ಮಾಡುವುದು ಯಾವ ಸೀಮೆಯ ಉಪಕಾರ?

ನಾನು ಇಲ್ಲಿ ಅಂಚೆ ಕಚೇರಿಯ ಗುಮಾಸ್ತೆ. ನಿಮ್ಮ ಪಾರ್ಸಲ್ ನನ್ನ ಕಣ್ಣೆದುರಿಗೇ ಹೋಗಿದೆ. ನಾನು ಅದನ್ನು ಯಾರದೋ ಬಟ್ಟೆಯ ಗಂಟು ಎಂದುಕೊಂಡೆ. ನಿನ್ನೆ ಅವನು ನನ್ನ ಕಿಟಕಿಗೆ ಬಂದ. ‘ಶ್ರೀ ಪದ್ಮಾಸುತ, ಬುಗುರಿ ಮಾಸಿಕ, ಹುಬ್ಬಳ್ಳಿ’ ಎಂಬ ಲಕೋಟೆ ರಿಜಿಸ್ಟರ್ ಮಾಡಿಸಲಿಕ್ಕೆ. ಧನ್ಯವಾದದ ಪತ್ರ! ನಾನೇ ತೂಗಿ, ನಾನೇ ಸ್ಟಾಂಪು ಹಚ್ಚಿ, ನಾನೇ ರಸೀದಿ ಕೊಟ್ಟೆ. “ಯಾರೋ ದೊಡ್ಡ ಲೇಖಕರು ನನ್ನ ಮ್ಯಾಲೆ ಕಥಿ ಬರಿಯಾಕತ್ತಾರ, ನೋಡಿದಿಯಾ?” ಎಂದು ಕೇಳಿ, ತುಟಿ ಮುಚ್ಚಿ ಬಲಗಡೆಗೆ ನಕ್ಕ. ಚಿತ್ರವನ್ನು ಠಾಣೆಯಲ್ಲಿ ತನ್ನ ಕುರ್ಚಿಯ ಹಿಂದೆ ತೂಗುಹಾಕಿದ್ದಾನಂತೆ. ಬಾಯ್ನಾದ ಹುಡುಗರು ದಾರಿಯಲ್ಲಿ ಅವನಿಗೆ ಸಲಾಮು ಹೊಡೆಯುತ್ತಾರಂತೆ.

ಹೊಟ್ಟೆ ಉರಿದುಹೋಯಿತು.

ಅವನು ನನ್ನ ಗೆಳೆಯನಲ್ಲ. ಇದಕ್ಕಿಂತ ಹೆಚ್ಚು ಕೇಳಬೇಡಿ.

ಪದ್ಮಾಸುತ

*

ಹುಬ್ಬಳ್ಳಿ
೧೮ ಜೂನ್ ೧೯೮೯

ಪದ್ಮಾಸುತ ಅವರಿಗೆ ನಮಸ್ಕಾರಗಳು.

ಫೆಬ್ರುವರಿಯಿಂದ ತಾವು ಕಥೆ ಮಾತ್ರ ಕಳಿಸುತ್ತೀರಿ, ಜೊತೆಗೆ ಒಂದು ಸಾಲೂ ಇಲ್ಲ. ನನ್ನದು ತಪ್ಪೇ, ಒಪ್ಪಿದೆ. ಆದರೆ ಏನು ತಪ್ಪೆಂದು ಗೊತ್ತಿಲ್ಲದೆ ಎಷ್ಟು ದಿನ ಒಪ್ಪಿಕೊಂಡು ಕೂರುವುದು?

ಈಗ ಬರೆಯದೆ ವಿಧಿಯಿಲ್ಲ. ಸಂಪಾದಕರು ಒಂದು ತೀರ್ಮಾನ ಮಾಡಿದ್ದಾರೆ. ದೀಪಾವಳಿ ವಿಶೇಷಾಂಕದಲ್ಲಿ ಜಲಸಾಕ್ಷಿಗೂ ಉದಯನಿಗೂ ಮದುವೆ. “ಓದುಗರು ಕೇಳಾಕತ್ತಾರ, ಕೊಡೂದ ನಮ್ಮ ಧರ್ಮ” ಎಂದರು. ಧರ್ಮದ ಹಿಂದೆ ಬೇರೆ ಸಂಗತಿಯೂ ಇದೆ. ಆ ರಾಯಕರ ಸಾಹೇಬರು ಪತ್ರದ ಮೇಲೆ ಪತ್ರ ಬರೆದಿದ್ದಾರೆ. ವಿಶೇಷಾಂಕದ ಬಿಡುಗಡೆಗೆ ತಾವೇ ಸಮವಸ್ತ್ರದಲ್ಲಿ ಬರುತ್ತಾರಂತೆ. ಗೋವಾದಲ್ಲಿ ರಸ್ತೆ ಕಟ್ಟುವ ದೊಡ್ಡ ಕಾಂಟ್ರಾಕ್ಟರರಾದ ಅವರ ಮಾವ ಹಿಂಬದಿಯ ಪುಟಕ್ಕೆ ವರ್ಷಪೂರ್ತಿ ಜಾಹೀರಾತು ಕೊಡುತ್ತಾರಂತೆ.

ಮುಖಪುಟ ಜುಲೈ ನಡುವಿಗೆ ಶಿವಕಾಶಿಗೆ ಹೋಗಬೇಕು. ಮದುವೆಯ ಚಿತ್ರ ಬರಿ ಅಂದಿದ್ದಾರೆ. ತಮ್ಮನ್ನು ಕೇಳದೆ ನಾನು ಕುಂಚ ಅದ್ದುವುದಿಲ್ಲ. ಒಮ್ಮೆ ಕೇಳದೆ ಮಾಡಿದ್ದು ಸಾಕು.

ರಘೋತ್ತಮ

*

ವಾಸ್ಕೊ
೨೫ ಜೂನ್ ೧೯೮೯

ರಘೋತ್ತಮರೇ,

ಮೊದಲು ಇದು ಗೊತ್ತಿರಲಿ: ಪದ್ಮಾಸುತ ಎನ್ನುವ ಗಂಡಸು ಇಲ್ಲ. ನಾನು ಸುಹಾಸಿನಿ. ಧಾರವಾಡದವಳು. ನಮ್ಮ ತಾಯಿಯ ಹೆಸರು ಪದ್ಮಾಬಾಯಿ. ಪದ್ಮಾಬಾಯಿಯ ಮಗ ಇದ್ದದ್ದು ಒಬ್ಬನೇ, ನನ್ನ ತಮ್ಮ ಬಂಡು. ಅವನಿಲ್ಲ. ಅವನು ಮಾಡಬೇಕಾದ್ದನ್ನು ನಾನು ಮಾಡುತ್ತಿದ್ದೇನೆ, ಅದಕ್ಕೆ ಆ ಹೆಸರು.

ನೀವು ಫೋಟೊದಲ್ಲಿ ಕಂಡ ಸೀರೆಯ ಚೂರು ನನ್ನದು. ಆ ಉಮಾಕಾಂತ ರಾಯಕರನಿಗೂ ನನಗೂ ಮದುವೆ ನಿಶ್ಚಯವಾಗಿತ್ತು. ಅವನು ಕಾರವಾರದ ಕಡೆಯವನು. ಆಗ ನಾವು ಮೂವರೂ ಇದ್ದ ವಾಸ್ಕೊದ ಮನೆಗೆ ಬರುತ್ತಿದ್ದ, ನಮ್ಮ ತಾಯಿಯನ್ನು ‘ಅವ್ವಾ’ ಎನ್ನುತ್ತಿದ್ದ. ಬಂಡು ಅವನ ಹಿಂದೆ ಹಿಂದೆ ತಿರುಗುತ್ತಿದ್ದ.

ಮೂರು ವರ್ಷದ ಹಿಂದಿನ ಆಷಾಢ ಏಕಾದಶಿ. ನಮ್ಮದು ಎಂಥ ಮನೆ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ, ನಿಮ್ಮ ಹೆಸರೇ ಹೇಳುತ್ತದೆ ನಿಮ್ಮ ಮನೆಯಲ್ಲೂ ಏಕಾದಶಿ ಇದೆಯೆಂದು. ಬಂಡು ಆ ದಿನ ನೀರನ್ನೂ ಮುಟ್ಟುತ್ತಿರಲಿಲ್ಲ. ಬೆಳಿಗ್ಗೆ ಅವನು ವೆರ್ಣಾದ ಕಾರ್ಖಾನೆಯ ಪಾಳಿಗೆ ಹೊರಟಾಗ ಉಮಾಕಾಂತ ನಮ್ಮ ಮನೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದ. “ಒಂದ ಗುಟುಕು ತಗೊಳ್ಳೋ ಬಂಡೂ, ನಿಮ್ಮ ವಿಠ್ಠಲ ಏನೂ ಅನ್ನೂದಿಲ್ಲ” ಎಂದ. “ವಿಠ್ಠಲ ಅನ್ನೂದಿಲ್ಲ, ಆದ್ರ ಅವ್ವ ಬಿಡೂದಿಲ್ಲ” ಎಂದು ಬಂಡು ನಕ್ಕು ಹೋದ. ಇದನ್ನು ಉಮಾಕಾಂತ ತನ್ನ ಕಿವಿಯಾರೆ ಕೇಳಿದ್ದಾನೆ.

ಸಂಜೆ ಕಂಪನಿ ಬಸ್ಸು ಬಂಡುವನ್ನು ದಾಬೋಲಿಮ್ ಹತ್ತಿರ ಇಳಿಸಿತು. ರಸ್ತೆಯ ಅಂಚಿನಲ್ಲಿ ನಡೆದು ಬರುತ್ತಿದ್ದವನನ್ನು ಒಬ್ಬ ಕಾಂಟ್ರಾಕ್ಟರನ ಜೀಪು ಹೊಡೆಯಿತು. ಜೀಪು ನಡೆಸುತ್ತಿದ್ದವನು ಕಾಂಟ್ರಾಕ್ಟರನ ಮಗ. ಅಲ್ಲಿಗೆ ಬಂದ ಅಧಿಕಾರಿ ಉಮಾಕಾಂತನೇ. ಅವನೇ ಬಂಡುವಿನ ಕಣ್ಣು ಮುಚ್ಚಿದ. ಆಮೇಲೆ ಕೋರ್ಟಿನ ಕಟಕಟೆಯಲ್ಲಿ ನಿಂತು, ಸತ್ತವನ ಬಾಯಿಂದ ಸಾರಾಯಿಯ ವಾಸನೆ ಬರುತ್ತಿತ್ತು, ಅಮಲಿನಲ್ಲಿ ರಸ್ತೆಯ ನಡುವೆ ಬಂದಿದ್ದಾನೆ ಎಂದು ಹೇಳಿದ. ನಮ್ಮ ತಾಯಿ ಎದ್ದು ನಿಂತು, “ಅವತ್ತ ಏಕಾದಶಿ ಇತ್ರಿ” ಎಂದು ಕೂಗಿದಳು. ಅವರ ವಕೀಲ, “ಏಕಾದಶಿಗೆ ಸಾರಾಯಿ ಅಂಗಡಿ ಮುಚ್ಚಿರ್ತಾವೇನಮ್ಮಾ?” ಎಂದು ಕೇಳಿದ. ಕೂತವರೆಲ್ಲ ನಕ್ಕರು. ಉಮಾಕಾಂತನೂ ನಕ್ಕ. ತುಟಿ ಮುಚ್ಚಿ, ಬಲಗಡೆಗೆ.

ಮುಗಿಯಿತು. ಕಾಂಟ್ರಾಕ್ಟರನ ಮಗ ಬಿಡುಗಡೆಯಾದ. ಉಮಾಕಾಂತ ನನ್ನನ್ನು ಬಿಟ್ಟು ಆ ಕಾಂಟ್ರಾಕ್ಟರನ ಮಗಳನ್ನೇ ಮದುವೆಯಾದ. ಅವ್ವ ಈಗ ಧಾರವಾಡದಲ್ಲಿ ಸೋದರಮಾವನ ಮನೆಯಲ್ಲಿದ್ದಾಳೆ. ಯಾರ ಮನೆಯ ಅರಿಶಿನ ಕುಂಕುಮಕ್ಕೂ ಹೋಗುವುದಿಲ್ಲ. ಹೋದರೆ, ಕುಡಿದು ಸತ್ತ ಹುಡುಗನ ತಾಯಿ ಎಂದು ಮಾತು ತಗ್ಗಿಸುತ್ತಾರೆ.

ನಾನು ಮೇಲಿನ ಕೋರ್ಟಿಗೆ ಹೋಗಲಾರೆ. ನನ್ನ ಮಾತು ಯಾರಿಗೂ ಬೇಡ. ಆದರೆ ನನ್ನ ಕಥೆ ಎಲ್ಲರಿಗೂ ಬೇಕು! ಅದಕ್ಕೇ ಅವನನ್ನು ಎಲ್ಲರೂ ಪ್ರೀತಿಸುವಂತೆ ಮಾಡಿದೆ. ಯಾರೂ ಪ್ರೀತಿಸದವನು ಸತ್ತರೆ ಯಾರು ಕೇಳುತ್ತಾರೆ?

ದೀಪಾವಳಿ ಸಂಚಿಕೆಯಲ್ಲಿ ಮದುವೆ ಇಲ್ಲ. ಕೋರ್ಟಿದೆ. ಉದಯ ಕಟಕಟೆಯಲ್ಲಿ ನಿಂತಿರುತ್ತಾನೆ. ಜಲಸಾಕ್ಷಿ ಮೊದಲ ಸಲ ಅವನ ಕೈ ಹಿಡಿದು, ‘ಆ ಹುಡುಗ ಕುಡಿದಿದ್ದನೇ?’ ಎಂದು ಕೇಳುತ್ತಾಳೆ. ನಿಜ ಹೇಳಿದರೆ ಬದುಕುತ್ತಾನೆ. ಇಷ್ಟು ಅವಕಾಶ ಅವನಿಗೆ ಕೊಟ್ಟಿದ್ದೇನೆ, ಬಂಡುವಿಗೆ ಯಾರೂ ಕೊಡಲಿಲ್ಲ. ಅವನು ‘ಹೌದು’ ಎನ್ನುತ್ತಾನೆ.

ಬಂಡುವಿನ ಫೋಟೊ ಇಟ್ಟಿದ್ದೇನೆ. ಸತ್ತ ಹುಡುಗನಿಗೆ ಇದೇ ಮುಖ ಕೊಡಿ. ಭಾನುವಾರಗಳಲ್ಲಿ ಬಾಯ್ನಾದ ಜನರಿಗೆ ಊರಿಗೆ ಕಾಗದ ಬರೆದುಕೊಡುತ್ತಿದ್ದವನು ಇವನೇ. ನೋಡಿದ ಕೂಡಲೇ ಗುರುತು ಹಿಡಿಯುತ್ತಾರೆ.

ಸಂಪಾದಕರು ಒಪ್ಪುವುದಿಲ್ಲ ಎಂದು ಗೊತ್ತು. ಆದರೆ ಮುಖಪುಟ ನಿಮ್ಮ ಕೈಯಲ್ಲಿದೆ. ನಿಮ್ಮಿಂದ ಆಗುತ್ತದೋ ಇಲ್ಲವೋ ಒಂದೇ ಮಾತಿನಲ್ಲಿ ಹೇಳಿ.

ಸುಹಾಸಿನಿ

*

ಹುಬ್ಬಳ್ಳಿ
೨೧ ಜುಲೈ ೧೯೮೯

ಸುಹಾಸಿನಿಯವರಿಗೆ,

ಆಗುತ್ತದೆ. ಆಗಿದೆ.

ನಿಮ್ಮ ಪತ್ರವನ್ನು ನಮ್ಮ ತಾಯಿಯವರಿಗೆ ಓದಿ ಹೇಳಿದೆ. ಏಕಾದಶಿಯ ಮಾತು ಬಂದಾಗ ಅವರು ಕೈಯಲ್ಲಿದ್ದ ಹೂಬತ್ತಿ ಕೆಳಗಿಟ್ಟು, “ಅಂಥಾ ಹುಡುಗನ ಬಾಯಿಗೆ ಸಾರಾಯಿ ಹಚ್ಚಿದ್ನೇನೋ ಅಂವಾ!” ಅಂದರು. ಆ ದಿನ ಅವರು ಊಟ ಮಾಡಲಿಲ್ಲ. ಅಂಥವನನ್ನು ಬಣ್ಣದಲ್ಲಿ ಬರೆದು ಕಾಣಿಕೆ ಕಳಿಸಿದ್ದೆನಲ್ಲ ಎಂದು ನನ್ನ ಕೈಯನ್ನೇ ಕಚ್ಚಿಕೊಳ್ಳುವಷ್ಟು ಸಿಟ್ಟು ಬಂತು. ಸಂಕೋಚದ ನಗು ಎಂದು ನಾನು ಎಷ್ಟು ಮುತುವರ್ಜಿಯಿಂದ ತಿದ್ದಿದ್ದೆ!

ಸಂಪಾದಕರಿಗೆ ಪೆನ್ಸಿಲಿನ ಕರಡು ತೋರಿಸಿದೆ. ಜಲಸಾಕ್ಷಿ, ಉದಯ ಎದುರು ಬದುರು, ಅವಳ ಎರಡೂ ಕೈ ಅವನ ಕೈಯನ್ನು ಹಿಡಿದಿವೆ. ಹಿಂದೆ ಏನೂ ಇಲ್ಲ, ಬರೀ ಬಿಳಿ. “ಮಂಟಪ ಆಮ್ಯಾಲೆ ಹಾಕ್ತೀರೇನು?” ಎಂದು ಕೇಳಿದರು. ಹಾಕುತ್ತೇನೆ ಅಂದೆ. ಸಹಿ ಮಾಡಿಕೊಟ್ಟರು. ಮನೆಗೆ ಬಂದು ಬಣ್ಣ ಹಚ್ಚುವಾಗ ಕಟಕಟೆ ಹಾಕಿದೆ, ಕಪ್ಪು ಕೋಟಿನವರನ್ನು ಹಾಕಿದೆ, ಅವನ ತುಟಿಯ ಬಲಗಡೆಯಿಂದ ಗಲ್ಲದ ಕುಳಿಯ ತನಕ ಇಳಿಯುವ ನೀರು ಹಾಕಿದೆ. ಅವರಿಗೆ ತೋರಿಸದೆ ಶಿವಕಾಶಿಗೆ ಕಳಿಸಿಬಿಟ್ಟೆ. ಅಚ್ಚಾಗಿ ಬಂದ ದಿನ ನನ್ನ ಕುರ್ಚಿ ಹೋಗುತ್ತದೆ, ಹೋಗಲಿ. ಹೂಕುಂಡ ಇದ್ದೇ ಇದೆ.

ಒಂದು ಕಡೆ ಮಾತ್ರ ನಿಮ್ಮ ಮಾತು ಮೀರಿದ್ದೇನೆ. ಅವನು ಮುಳುಗಿದ ಮೇಲೆ ಜಲಸಾಕ್ಷಿ ಕೈ ಬಿಡುತ್ತಾಳೆ ಎಂದು ಕಳಿಸಿದ ಕಥೆಯಲ್ಲಿ ಬರೆದಿದ್ದೀರಿ. ನಾನು ಅವಳ ಹಿಡಿತ ಸಡಿಲಿಸಿಲ್ಲ. ಕೊನೆಯ ಚೌಕದಲ್ಲೂ ಅವಳು ಹಿಡಿದೇ ಇದ್ದಾಳೆ, ಅಳುತ್ತ.

ರಘೋತ್ತಮ

*

ವಾಸ್ಕೊ
೧೨ ನವೆಂಬರ್ ೧೯೮೯

ರಘೋತ್ತಮರೇ,

ಎಲ್ಲ ಬಿಡಿಸಿ ಹೇಳುತ್ತೇನೆ, ಕೂತು ಓದಿ.

ಸಂಚಿಕೆ ಬಂದ ದಿನ ಉಮಾಕಾಂತ ಅಂಗಡಿಯಿಂದ ಕಾಗದ ಸುತ್ತಿದ ಒಂದು ಕಟ್ಟು ಕೊಂಡು ಠಾಣೆಯಲ್ಲಿ ಹಂಚಲು ಕೊಟ್ಟನಂತೆ, ತಾನು ಮೊದಲು ಬಿಚ್ಚಿ ನೋಡದೆ! ಠಾಣೆಯವರಿಗೆ ಕನ್ನಡ ಬಾರದಿದ್ದರೇನು, ಮುಖಪುಟಕ್ಕೆ ಭಾಷೆ ಬೇಕೇ? ತಮ್ಮ ಸಾಹೇಬರ ಬಾಯಿಂದ ನೀರು ಸುರಿಯುವುದನ್ನು ಎಲ್ಲರೂ ನೋಡಿದರು. ಸಂಜೆಯೊಳಗೆ ಗೋಡೆಯ ಮೇಲಿನ ಚಿತ್ರ ಇಳಿಯಿತು ಎಂದು ಲೋಕಪ್ಪ ಹೇಳಿದ.

ಬಾಯ್ನಾದಲ್ಲಿ ಲೋಕಪ್ಪ ಓದಿದ. ಬಂಡುವಿನ ಚಿತ್ರ ಬಂದಾಗ ಒಬ್ಬಳು, “ಇಂವಾ ನಮ್ಮ ಕಾಗದ ಬರಿಯೂ ಬಂಡಪ್ಪ ಅಲ್ಲೇನು?” ಎಂದು ಎದ್ದೇ ಬಿಟ್ಟಳಂತೆ. ಆಮೇಲೆ ಯಾರೂ ಅದನ್ನು ಕಥೆ ಎಂದು ಕೇಳಲಿಲ್ಲ.

ಮುಂದಿನದನ್ನು ನಾನೇ ಕಣ್ಣಾರೆ ಕಂಡೆ. ಮೀನುಪೇಟೆಯ ಹತ್ತಿರ ಉಮಾಕಾಂತ ಜೀಪಿನಿಂದ ಇಳಿದ. ಥಾವರಿಬಾಯಿ ತಲೆಯ ಮೇಲಿನ ಮಣಿಸರದ ಬುಟ್ಟಿ ಇಳಿಸಿ ನೇರ ಅವನ ಬಳಿ ಹೋಗಿ ಗಡಿಯಾರ ಕಟ್ಟಿದ ಕೈಯನ್ನೇ ಗಟ್ಟಿಯಾಗಿ ಹಿಡಿದಳು.

“ಸಾಹೇಬ್ರ, ಖರೇ ಹೇಳ್ರಿ. ನಮ್ಮ ಬಂಡಪ್ಪ ಕುಡದಿದ್ನೇನ್ರಿ?”

ಅವನು ಕೈ ಕೊಸರಿಕೊಂಡ. ಅವಳು ಬಿಡಲಿಲ್ಲ. ಮೀನು ಕೊಳ್ಳುವವರು, ಮಾರುವವರು ಎಲ್ಲ ನಿಂತು ಅವನ ಬಾಯಿಯನ್ನೇ ನೋಡಿದರು. ನಾನೂ ನೋಡಿದೆ. ನೀರು ಬಂದೇ ಬರುತ್ತದೆ ಎಂದು, ಕಥೆ ಬರೆದ ನನಗೇ ಅನ್ನಿಸಿತು! ಅವನು ಬಾಯಿ ತೆರೆದ. ‘ಹೌದು’ ಎಂದಿದ್ದರೆ ಆಗುತ್ತಿತ್ತು, ಕೋರ್ಟಿನಲ್ಲಿ ಎಷ್ಟು ಸಲೀಸಾಗಿ ಅಂದಿದ್ದ. ಅನ್ನಲಿಲ್ಲ. ಬಾಯಿ ಮುಚ್ಚಿ, ಕೈ ಕಿತ್ತುಕೊಂಡು ಜೀಪು ಹತ್ತಿ ಹೋದ.

ಈಗ ಅವನು ಎಲ್ಲಿಗೆ ಹೋದರೂ ಯಾರಾದರೊಬ್ಬರು ಕೈ ಚಾಚುತ್ತಾರೆ. ಬಯ್ಯುವುದಿಲ್ಲ, ಕಲ್ಲೆಸೆಯುವುದಿಲ್ಲ. ಸುಮ್ಮನೆ ಕೈ ಚಾಚುತ್ತಾರೆ. ಅವನು ಎರಡೂ ಕೈ ಜೇಬಿನಲ್ಲಿಟ್ಟು ನಡೆಯುತ್ತಾನೆ.

ಮೂರು ವರ್ಷದಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡೆ.

ಜಲಸಾಕ್ಷಿ ಕೈ ಬಿಡದ ಹಾಗೆ ನೀವು ಚಿತ್ರ ಬರೆದದ್ದು ಒಳ್ಳೆಯದಾಯಿತು. ನಾನು ಬರೆದದ್ದೇ ತಪ್ಪು.

ಸುಹಾಸಿನಿ

*

ಹುಬ್ಬಳ್ಳಿ
೨೦ ಫೆಬ್ರುವರಿ ೧೯೯೦

ಪ್ರಿಯ ಸುಹಾಸಿನಿಯವರಿಗೆ,

ಸಂಪಾದಕರು ತಿಂಗಳುಗಟ್ಟಲೆ ನನ್ನ ಮುಖ ನೋಡಲಿಲ್ಲ. ಮುಖಪುಟ ಕಂಡ ಕೂಡಲೇ, ಯಾರಿಗೂ ಕಾರಣ ಹೇಳದೆ, ಬಿಡುಗಡೆಯ ಸಮಾರಂಭವನ್ನೇ ರದ್ದು ಮಾಡಿದ್ದರು. ಜಾಹೀರಾತು ಹೋಯಿತು. ಆದರೆ ಸಂಚಿಕೆ ಎರಡನೆಯ ಸಲ ಅಚ್ಚಾಯಿತು, ಹಾಗಾಗಿ ಕುರ್ಚಿ ಉಳಿದಿದೆ. ಈಗ ಅವರದೊಂದು ಹೊಸ ಹಟ. ಉದಯ ಮತ್ತೆ ಬರಬೇಕು. “ಜಲಸಾಕ್ಷಿ ಸತ್ತು ಎದ್ದು ಬಂದಾಳಲ್ಲ, ಅಂವಾ ಯಾಕ ಬರಬಾರ್ದು?” ಎಂದು ಕೇಳುತ್ತಾರೆ. ಗದಗಿನ ಆ ಹುಡುಗಿ ಅಳುತ್ತ ಕಾಗದ ಬರೆದಿದ್ದಾಳೆ. ಸುಳ್ಳು ಹೇಳಿದ್ದು ತಪ್ಪೇ, ಆದರೂ ಒಂದು ಸಲ ಕ್ಷಮಿಸಿ ಎಂದು.

ಆ ರಾಯಕರನದೂ ಒಂದು ಪತ್ರ ಬಂದಿದೆ, ಪದ್ಮಾಸುತರ ಹೆಸರಿಗೆ. ತೆರೆಯದೆ ಇದರ ಜೊತೆ ಇಟ್ಟಿದ್ದೇನೆ.

ನನ್ನ ಮಾತು ಕೇಳಿದರೆ ಹೇಳುತ್ತೇನೆ. ಅವನು 'ಕುಡಿದಿರಲಿಲ್ಲ' ಎಂದು ಒಮ್ಮೆ ಬಾಯಿಬಿಟ್ಟು ಹೇಳಿದರೆ ಸಾಕಲ್ಲವೇ? ಹಾಗೆ ಹೇಳಿದರೆ ಉದಯನನ್ನು ಬದುಕಿಸೋಣ. ನೀವು ಎಷ್ಟು ದಿನ ಅವನ ಮುಖ ಹೊತ್ತು ತಿರುಗುತ್ತೀರಿ? ನನಗೆ ನಿಮ್ಮದೇ ಚಿಂತೆ. ರಜೆಯಲ್ಲಿ ವಾಸ್ಕೊಗೆ ಬರಲೇ ಎಂದು ಕೇಳಬೇಕೆಂದಿದ್ದೇನೆ. ಕೇಳಿದೆ.

ನಿಮ್ಮ
ರಘೋತ್ತಮ

*

ವಾಸ್ಕೊ
೧೧ ಮಾರ್ಚ್ ೧೯೯೦

ರಘೋತ್ತಮರೇ,

ಅವನ ಪತ್ರ ಓದಿದೆ. ‘ಪದ್ಮಾಸುತ ಅವರೇ, ತಾವು ಯಾರೋ ತಿಳಿಯದು, ನನ್ನ ಸಂಸಾರ ಕೆಟ್ಟಿತು, ದಯಮಾಡಿ ಬರೆದದ್ದನ್ನು ತಿದ್ದಿ’ ಎಂದಿದೆ. ಬಂಡುವಿನ ಹೆಸರು ಅದರಲ್ಲಿ ಎಲ್ಲೂ ಇಲ್ಲ.

ಹತ್ತು ದಿನದ ಹಿಂದೆ ಅವನು ನನ್ನ ಕಿಟಕಿಗೆ ಬಂದ. ಬೇರೆ ಊರಿಗೆ ವರ್ಗ ಮಾಡಿಸಿಕೊಂಡಿದ್ದಾನೆ. ತನ್ನ ಟಪಾಲನ್ನು ಹೊಸ ವಿಳಾಸಕ್ಕೆ ಕಳಿಸಬೇಕು ಎಂದು ಬರೆದುಕೊಟ್ಟ. ಮುಖ ಇಳಿದುಹೋಗಿತ್ತು. ಹಿಂದೆ ಉದ್ದ ಸಾಲಿತ್ತು, ಲೋಕಪ್ಪನೂ ಇದ್ದ.

ನಾನು ಅವನ ಚೀಟಿ ತೆಗೆದುಕೊಳ್ಳಲಿಲ್ಲ. ಜಾಲರಿಯ ಕೆಳಗಿನಿಂದ ನನ್ನ ಕೈಯನ್ನು ಅವನ ಕಡೆಗೆ ಚಾಚಿದೆ.

ಅವನು ಕೈ ನೋಡಿದ, ನನ್ನ ಮುಖ ನೋಡಿದ. ನಮ್ಮ ಅವ್ವನ ಹೆಸರು ಆಗ ನೆನಪಾಯಿತೆಂದು ಕಾಣುತ್ತದೆ. “ಪದ್ಮಾಸುತ... ನೀನಾ?” ಎಂದ.

“ಕೈ ಕೊಡ್ರಿ” ಎಂದೆ.

“ಸುಹಾಸಿನಿ, ಜನ ನೋಡಾಕತ್ತಾರ.”

“ನೋಡ್ಲಿ. ಅವತ್ತ ಕೋರ್ಟಿನ್ಯಾಗೂ ಜನ ನೋಡಿದ್ರು. ಕೈ ಕೊಟ್ಟು ಹೇಳ್ರಿ, ನಮ್ಮ ತಮ್ಮ ಕುಡದಿದ್ನೋ ಇಲ್ಲೋ?”

ಅವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ಇಷ್ಟು ದೊಡ್ಡ ಗಂಡಸು, ಸೊಂಟಕ್ಕೆ ಪಿಸ್ತೂಲು ಕಟ್ಟಿದವನು, ಅಂಚೆ ಕಚೇರಿಯ ಒಬ್ಬ ಹೆಂಗಸಿನ ಕೈಗೆ ಹೆದರಿ ನಿಂತಿದ್ದ.

“ಕುಡದಿರ್ಲಿಲ್ಲ” ಎಂದ.

“ಜೋರಾಗಿ ಹೇಳ್ರಿ. ಸಾಲಿನ ಹಿಂದಿನವರಿಗೆ ಕೇಳಿಸ್ಲಿಲ್ಲ.”

“ಸುಹಾಸಿನಿ...”

“ಹೆಸರು ಹಿಡದು ಹೇಳ್ರಿ.”

“ಬಂಡು ಕುಡದಿರ್ಲಿಲ್ಲ” ಎಂದ. ಈ ಸಲ ಎಲ್ಲರಿಗೂ ಕೇಳಿಸಿತು. ಲೋಕಪ್ಪ ತಲೆಯ ರುಮಾಲು ತೆಗೆದ. ನಾನು ಉಮಾಕಾಂತನ ಚೀಟಿ ತೆಗೆದುಕೊಂಡು ಮುದ್ರೆ ಒತ್ತಿ, “ಮುಂದಿನವರು ಬರ್ರಿ” ಎಂದೆ.

ಆ ರಾತ್ರಿಯೇ ಅವ್ವನಿಗೆ ಬರೆದೆ. ಮೊನ್ನೆ ಅವಳ ಉತ್ತರ ಬಂತು. ಸೋದರಮಾವನ ಕೈಯಲ್ಲಿ ಬರೆಸಿದ್ದಾಳೆ. ನನ್ನ ಪತ್ರವನ್ನು ಓಣಿಯ ಪ್ರತಿ ಮನೆಗೂ ಒಯ್ದು ಓದಿಸಿದಳಂತೆ, ಮಾತು ತಗ್ಗಿಸಿದ್ದವರ ಮನೆಗಳಿಗೆ ಮೊದಲು. ಕೊನೆಗೆ ಒಂದೇ ಸಾಲು: “ಹೇಳೂ ಮುಂದ ಅಂವಾ ಅತ್ನೇನು?” ಅಳಲಿಲ್ಲ ಎಂದು ಬರೆಯಬೇಕು. ಅವನು ಹೇಳಿದ್ದಷ್ಟೇ ಅವಳಿಗೆ ಸಾಲುವುದಿಲ್ಲ ಎಂದು ನನಗೆ ಗೊತ್ತು.

ನೀವು ವಾಸ್ಕೊಗೆ ಬನ್ನಿ. ಬೇಡ ಎನ್ನುವುದಿಲ್ಲ. ನಿಮಗೆ ಬಾಯ್ನಾ ತೋರಿಸುತ್ತೇನೆ, ಥಾವರಿಬಾಯಿಯನ್ನು ತೋರಿಸುತ್ತೇನೆ. ನನ್ನ ಮೇಲಿನ ನಿಮ್ಮ ಚಿಂತೆಯನ್ನು ಎದುರಿಗೆ ಕೂತು ಕೇಳುತ್ತೇನೆ.

ಆದರೆ ಉದಯನ ಮಾತು ಮಾತ್ರ ಎತ್ತಬೇಡಿ. ಒಮ್ಮೆ ಹೇಳಿದರೆ ಸಾಕಲ್ಲವೇ ಎಂದು ಕೇಳಿದ್ದೀರಿ. ಹೇಳಿದ. ಕೇಳಿಸಿಕೊಂಡೆ. ಮನೆಗೆ ಬಂದು ಬೀಗ ತೆಗೆದೆ, ಒಳಗೆ ಯಾರೂ ಇರಲಿಲ್ಲ. ಸಂಪಾದಕರಿಗೂ ಗದಗಿನ ಹುಡುಗಿಗೂ ತಿಳಿಸಿಬಿಡಿ: ನಮ್ಮ ಬಂಡು ಎದ್ದು ಬಂದ ದಿನ ಅವರ ಇನ್‌ಸ್ಪೆಕ್ಟರನೂ ಎದ್ದು ಬರಲಿ. ಅಲ್ಲಿಯ ತನಕ ನೀರಿನಲ್ಲೇ ಇರಲಿ.

ಸುಹಾಸಿನಿ